ಕಡಲೆಕಾಳಿನಷ್ಟು ಪೇಸ್ಟು

ಸೋಮವಾರ ಬೆಳಿಗ್ಗೆ ವಾರಿಜಾ ಕಾವಲು ಕೇಂದ್ರದ ಬಾಗಿಲು ತಳ್ಳಿಕೊಂಡು ಒಳಗೆ ಬಂದು, ಚೀಲವನ್ನು ಮೇಜಿನ ಮೇಲೆ ಇಡುವುದಕ್ಕೆ ಮುಂಚೆಯೇ ಗೋಡೆಯ ಪರದೆ ಕೆಂಪಾಗಿತ್ತು. ಕೆಂಪು ಗೆರೆಯ ಪಕ್ಕದಲ್ಲಿ ಮತ್ತೆ ಅದೇ ಹೆಸರು. ಇಬ್ಬನಿ, ಐದು ವರ್ಷ, ದೊಡ್ಡಗುಂಡ್ಲು. ನುಂಗಿದ ಪೇಸ್ಟು 0.6 ಗ್ರಾಂ.

ವಾರಿಜಾ ಹಣೆ ಹಣೆ ಚಚ್ಚಿಕೊಂಡಳು. ಈ ತಿಂಗಳಲ್ಲಿ ಇದು ಮೂರನೆಯ ಕೆಂಪು ಗುರುತು. ಮೊದಲನೆಯದಕ್ಕೆ ಫೋನು ಮಾಡಿ ಹೇಳಿದ್ದಾಯಿತು, ಎರಡನೆಯದಕ್ಕೆ ನೋಟೀಸು ಕಳಿಸಿದ್ದಾಯಿತು. ಮೂರು ಗುರುತು ಬಿದ್ದರೆ ಇನ್ನು ಮಾತಿಲ್ಲ, ಗುರುವಾರ ಹತ್ತು ಗಂಟೆಗೆ ಜೀಪು ಹೋಗಿ ಮಗುವನ್ನು ತೊಂಬತ್ತು ಕಿಲೋಮೀಟರ್ ದೂರದ ಆರೈಕೆ ನಿಲಯಕ್ಕೆ ಕರೆದುಕೊಂಡು ಹೋಗುತ್ತದೆ. ಆರು ತಿಂಗಳು ಅಲ್ಲೇ ಊಟ, ಅಲ್ಲೇ ನಿದ್ದೆ, ದಾದಿಯರ ಕಣ್ಣೆದುರಿಗೇ ಹಲ್ಲುಜ್ಜುವುದು. ಮನೆಯವರು ತಿಂಗಳಿಗೆ ಒಂದು ಸಲ ಬಂದು ನೋಡಬಹುದು. ಕಾನೂನು ಹಾಗಿದೆ. ಕಾನೂನು ಮಾಡಿದವರಿಗೆ ಐದು ವರ್ಷದ ಮಗುವೊಂದು ಆರು ತಿಂಗಳು ಅಜ್ಜಿಯನ್ನು ಬಿಟ್ಟಿರುವುದು ಅಂದರೇನು ಅಂತ ಗೊತ್ತಿದೆಯೋ ಇಲ್ಲವೋ, ಅದು ಬೇರೆ ವಿಷಯ.

ಆಂಧ್ರದ ಗಡಿಗೆ ಒತ್ತಿಕೊಂಡಿರುವ ಆ ತಾಲ್ಲೂಕಿನಲ್ಲಿ ಇಂಥ ಕಾನೂನು ಬಂದದ್ದಕ್ಕೂ ಕಾರಣವಿತ್ತು. ಎರಡು ತಲೆಮಾರಿನ ಜನ ಅಲ್ಲಿ ಬಂಡೆಯ ಆಳದಿಂದ ಎತ್ತಿದ ಕೊಳವೆಬಾವಿ ನೀರು ಕುಡಿದಿದ್ದರು. ಬಂಡೆಯಲ್ಲಿದ್ದ ಫ್ಲೋರೈಡು ನೀರಿಗೆ, ನೀರಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಮೂಳೆಗೆ ಇಳಿದಿತ್ತು. ನಲವತ್ತಕ್ಕೇ ಬೆನ್ನು ಬಾಗಿದವರು, ಮೊಣಕಾಲು ಮಡಿಸಲಾರದವರು, ನಗುವಾಗ ಕಂದುಗಟ್ಟಿದ ಹಲ್ಲಿಗೆ ಕೈ ಅಡ್ಡ ಹಿಡಿಯುವವರು ಬೀದಿಗೆ ಹತ್ತು ಜನ ಸಿಗುತ್ತಿದ್ದರು. ಆಮೇಲೆ ಕೊಳವೆಬಾವಿಗಳಿಗೆಲ್ಲ ಮುಚ್ಚಳ ಬಡಿದು, ದೂರದ ಹೊಳೆಯಿಂದ ಶುದ್ಧ ನೀರು ತಂದು, ಹದಿನೈದು ವರ್ಷ ಕಳೆದಿತ್ತು. ಇನ್ನು ನೆಮ್ಮದಿ ಅಂದುಕೊಳ್ಳುವಷ್ಟರಲ್ಲಿ ರಾಜಧಾನಿಯಲ್ಲಿ ಯಾರೋ ಒಬ್ಬ ಜಾಣ, ನೀರಿನದೇನೋ ಆಯಿತು, ಪೇಸ್ಟಿನದೇನು ಮಾಡುತ್ತೀರಿ ಎಂದು ಕೇಳಿದ.

ಕೇಳಿದ್ದು ತಪ್ಪೇನಲ್ಲ. ಪೇಸ್ಟಿನ ಫ್ಲೋರೈಡು ಹಲ್ಲಿನ ಮೇಲೆ ಇರುವಷ್ಟು ಹೊತ್ತು ಒಳ್ಳೆಯದೇ, ಹುಳುಕು ಹಿಡಿಯದಂತೆ ಕಾಯುತ್ತದೆ. ಗಂಟಲಿನಿಂದ ಕೆಳಗೆ ಇಳಿದರೆ ಅದರ ದಾರಿಯೇ ಬೇರೆ. ಅರ್ಧ ಮುಕ್ಕಾಲು ಗಂಟೆಯೊಳಗೆ ರಕ್ತಕ್ಕೆ ಸೇರಿ, ಸ್ವಲ್ಪ ಮೂತ್ರದಲ್ಲಿ ಹೋಗಿ, ಉಳಿದದ್ದು ಮೂಳೆಯಲ್ಲೂ ದವಡೆಯೊಳಗೆ ಇನ್ನೂ ಮೂಡುತ್ತಿರುವ ಹಲ್ಲಿನಲ್ಲೂ ಕೂತುಬಿಡುತ್ತದೆ. ದೊಡ್ಡವರು ಉಗಿಯುತ್ತಾರೆ. ಐದು ವರ್ಷದ ಮಕ್ಕಳಿಗೆ ಉಗಿಯುವ ಕಲೆ ಇನ್ನೂ ಬಂದಿರುವುದಿಲ್ಲ. ಮೇಲಾಗಿ ಸರ್ಕಾರವೇ ಹಂಚುವ ಪೇಸ್ಟಿಗೆ, ಮಕ್ಕಳು ಹಠ ಮಾಡದೆ ಉಜ್ಜಲಿ ಅಂತ ಏಲಕ್ಕಿಯ ಘಮ, ಸಿಹಿ ರುಚಿ ಬೇರೆ ಸೇರಿಸಿದ್ದರು. ಕೇಸರಿಬಾತು ಕೈಗೆ ಕೊಟ್ಟು ತಿನ್ನಬೇಡ ಅಂದ ಹಾಗೆ.

ಹಾಗಾಗಿ ಬಂತು ಮಣಿ. ಎಳ್ಳುಕಾಳಿನಷ್ಟು ದೊಡ್ಡದು. ಮೇಲ್ದವಡೆಯ ಹಿಂದಿನ ಹಲ್ಲಿಗೆ, ಕೆನ್ನೆಯೊಳಗೆ ಜೊಲ್ಲು ಒಸರುವ ಸಣ್ಣ ತೂತಿಗೆ ಎದುರಾಗಿ ಅಂಟಿಸುತ್ತಿದ್ದರು. ರಕ್ತದಲ್ಲಿ ಫ್ಲೋರೈಡು ಏರಿದರೆ ಹೊಸದಾಗಿ ಒಸರುವ ಜೊಲ್ಲಿನಲ್ಲೂ ಅದರ ಸುಳಿವು ಸಿಗುತ್ತದೆ. ಮಣಿ ಅದನ್ನು ಹಿಡಿದು ಕೇಂದ್ರದ ಯಂತ್ರಕ್ಕೆ ಹೇಳುತ್ತದೆ. ಯಂತ್ರ ಹಿಂದಕ್ಕೆ ಲೆಕ್ಕ ಹಾಕಿ, ಇಷ್ಟು ಏರಬೇಕಾದರೆ ಈ ಮಗು ಎಷ್ಟು ಪೇಸ್ಟು ನುಂಗಿರಬೇಕು ಎಂದು ತೀರ್ಪು ಕೊಡುತ್ತದೆ. ಅರ್ಧ ಗ್ರಾಂ ಮೀರಿದರೆ ಕೆಂಪು. ಸದಾ ಕೆಂಪು ಗುರುತು ಹಾಕುವುದರಿಂದ ಕೇಂದ್ರದವರು ಆ ಯಂತ್ರಕ್ಕೆ ಮೇಷ್ಟ್ರು ಅಂತ ಹೆಸರಿಟ್ಟಿದ್ದರು. ಮೇಷ್ಟ್ರು ಮಾತಾಡುತ್ತಲೂ ಇದ್ದರು, ತುಂಬ ವಿನಯದಿಂದ. ಆ ವಿನಯ ಕೇಳಿದರೆ ವಾರಿಜಾಗೆ ಮೈಯೆಲ್ಲ ಉರಿಯುತ್ತಿತ್ತು.

ಇಪ್ಪತ್ತೆರಡು ವರ್ಷದಿಂದ ನೀರು, ಮೂತ್ರ, ರಕ್ತ ಪರೀಕ್ಷೆ ಮಾಡುತ್ತ ಬಂದವಳು ವಾರಿಜಾ. ಮಣಿ ಬಂದಮೇಲೆ ಕಾವಲು ಅಧಿಕಾರಿ ಎಂಬ ಹೆಸರು ಬಂದು, ಬಯ್ಯಿಸಿಕೊಳ್ಳುವ ಕೆಲಸ ಹೆಚ್ಚಾಗಿತ್ತು. ಬಾಯಿಗೆ ಬಂದಂತೆ ಬಯ್ಯುವ ತಾಯಂದಿರು, ಮಣಿಯನ್ನು ಕಿತ್ತು ಆಡಿಗೆ ಅಂಟಿಸಿದ ತಂದೆ, ಎಲ್ಲರನ್ನೂ ಕಂಡು ರೋಸಿಹೋಗಿದ್ದಳು. ಇವತ್ತು ಸ್ಕೂಟರ್ ತೆಗೆದುಕೊಂಡು ತಾನೇ ದೊಡ್ಡಗುಂಡ್ಲುವಿಗೆ ಹೊರಟಳು. ಆ ಅಜ್ಜಿಗೆ ಮುಖಕ್ಕೆ ಮುಖ ಕೊಟ್ಟು ಎರಡು ಮಾತು ಹೇಳದಿದ್ದರೆ ಅವಳ ಸಿಟ್ಟು ಇಳಿಯುವ ಹಾಗಿರಲಿಲ್ಲ.

ಇಬ್ಬನಿಯ ಅಜ್ಜಿ ಗಂಗಹನುಮಕ್ಕ ಜಗಲಿಯ ಮೇಲೆ ಕುಳ್ಳ ಸ್ಟೂಲಿನಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಎರಡೂ ಕಾಲು ಮುಂದಕ್ಕೆ ಚಾಚಿದ್ದವು, ಮಡಿಸಲು ಬರುತ್ತಿರಲಿಲ್ಲ. ಇಬ್ಬನಿ ಪಕ್ಕದಲ್ಲಿ ಕೂತು ಬೀಜಗಳನ್ನು ಸಾಲಾಗಿ ಜೋಡಿಸುತ್ತಿತ್ತು. ಮಗುವಿನ ತಾಯಿ ಪಕ್ಕದ ತಾಲ್ಲೂಕಿನಲ್ಲಿ ಸೋಲಾರ್ ಹಲಗೆ ತೊಳೆಯುವ ಕೆಲಸದಲ್ಲಿದ್ದಳು. ಭಾನುವಾರ ಬಂದು ಭಾನುವಾರವೇ ವಾಪಸು. ಉಳಿದ ಆರು ದಿನವೂ ಈ ಮಗುವಿಗೆ ಅಜ್ಜಿಯೇ ಎಲ್ಲ.

ವಾರಿಜಾ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಮಗು ಕದ್ದು ಪೇಸ್ಟು ತಿನ್ನುತ್ತಿದೆ, ನೀವು ನೋಡಿಯೂ ಸುಮ್ಮನಿದ್ದೀರಿ, ಫೋನು ಮಾಡಿದರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ, ನೋಟೀಸು ಕೊಟ್ಟರೂ ಕೇಳಲಿಲ್ಲ, ಈಗ ಗುರುವಾರ ಜೀಪು ಬರುತ್ತದೆ, ನಾನು ಏನೂ ಮಾಡುವ ಹಾಗಿಲ್ಲ. ಗಂಗಹನುಮಕ್ಕ ಕುಟ್ಟುವುದನ್ನು ನಿಲ್ಲಿಸಲಿಲ್ಲ. ಮಾತು ಮುಗಿದ ಮೇಲೆ ಗೋಡೆ ಹಿಡಿದು ಎದ್ದು, ಒಳಗೆ ಹೋಗಿ, ಸೊಂಟದ ಉಡಿದಾರಕ್ಕೆ ಕಟ್ಟಿದ್ದ ಕೀಲಿಯಿಂದ ತಗಡಿನ ಟ್ರಂಕು ತೆಗೆದು, ಸೀರೆಯ ಅಡಿಯಿಂದ ಪೇಸ್ಟಿನ ಟ್ಯೂಬು ತಂದು ವಾರಿಜಾಳ ಕೈಗೆ ಕೊಟ್ಟಳು.

"ನೋಡವ್ವ. ಉಗಾದಿಗೆ ಕೊಟ್ಟಿದ್ದು. ಇನ್ನೂ ಅರ್ಧ ಐತೆ. ಕೀಲಿ ನನ್ ಸೊಂಟದಾಗೈತೆ. ದಿನಾ ಬೆಳಿಗ್ಗೆ ನಾನೇ ತೆಗ್ದು ನಾನೇ ಇಕ್ತೀನಿ. ನುಂಗ್ತಾಳೆ, ಇಲ್ಲ ಅನ್ನಾಕಿಲ್ಲ. ಉಗಿಯೇ ಅಂದ್ರೆ ಒಂದೊಂದ್ ದಿನ ಗುಟುಕ್ ಅಂತಾಳೆ. ಆದ್ರೆ ಇಕ್ಕಿದ್ದೇ ಕಡ್ಲೆಕಾಳಷ್ಟು. ಅದ್ಕಿಂತ ಜಾಸ್ತಿ ಎಲ್ಲಿಂದ ನುಂಗ್ತಾಳೆ?"

ವಾರಿಜಾ ಚೀಲದಿಂದ ಪುಟ್ಟ ತಕ್ಕಡಿ ತೆಗೆದಳು. ದಿನಾ ಹಾಕುವಷ್ಟೇ ಹಾಕಿ ಅಂದಳು. ಗಂಗಹನುಮಕ್ಕ ಬೆಂಕಿಕಡ್ಡಿಯ ತುದಿಯಲ್ಲಿ ಪೇಸ್ಟನ್ನು ತೆಗೆದು ತಟ್ಟೆಗೆ ಒರೆಸಿದಳು. ಕಾಲು ಗ್ರಾಂ. ಇನ್ನೊಂದು ಸಲ ಹಾಕಿಸಿದಳು, ಮತ್ತೆ ಕಾಲು ಗ್ರಾಂ. ಅಳೆದು ಅಳೆದು ಪಳಗಿದ ಕೈ ಅದು. ಟ್ಯೂಬನ್ನು ತೂಗಿದಳು. ಉಗಾದಿಯಿಂದ ಇವತ್ತಿನವರೆಗಿನ ದಿನ ಎಣಿಸಿದಳು. ದಿನಕ್ಕೆ ಕಾಲು ಗ್ರಾಂ, ಸರಿಯಾಗಿ ಕೂತಿತು. ಮೇಷ್ಟ್ರು ಹೇಳಿದಂತೆ ಮಗು ಕದ್ದು ತಿನ್ನುತ್ತಿದ್ದರೆ ಲೆಕ್ಕ ಇಷ್ಟು ಸರಿಯಾಗಿ ಕೂರುತ್ತಿರಲಿಲ್ಲ. ಮಡಕೆಯ ನೀರಿಗೆ ಫ್ಲೋರೈಡು ಪರೀಕ್ಷೆಯ ಪಟ್ಟಿ ಅದ್ದಿ ನೋಡಿದಳು, ನೀರು ಶುದ್ಧವಾಗಿತ್ತು. ಅಕ್ಕಪಕ್ಕದ ಮನೆಯಲ್ಲಿ ಮಕ್ಕಳಿರಲಿಲ್ಲ, ಅವರ ಟ್ಯೂಬುಗಳು ಅಟ್ಟದ ಮೇಲಿದ್ದವು. ಬ್ರಷ್ಷಿನ ಮೇಲೆ ಕಾಲು ಗ್ರಾಂ ಇದ್ದರೆ ಹೊಟ್ಟೆಗೆ ಅರ್ಧ ಗ್ರಾಂಗಿಂತ ಹೆಚ್ಚು ಹೋಗುವುದು ಹೇಗೆ? ಬಿಸಿಲಿನಲ್ಲಿ ನಿಂತು ವಾರಿಜಾಗೆ ತಲೆ ಚಿಟ್ಟು ಹಿಡಿಯಿತು.

"ನನ್ ಮಂಡಿ ನೋಡವ್ವ," ಅಂದಳು ಗಂಗಹನುಮಕ್ಕ. ದನಿ ಏರಿರಲಿಲ್ಲ. "ಇದು ಹಿಂಗಾಗಿದ್ದು ನೀರು ಕುಡ್ದು. ನನ್ ಬಾಯಿ ನೋಡು. ಹದಿನಾರಕ್ಕೆ ಮದ್ವೆಯಾದಾಗ ನಗ್ಬೇಡ ಅಂತ ನಮ್ಮವ್ವನೇ ಹೇಳಿ ಕಳ್ಸಿದ್ಳು. ನನ್ ಮೊಮ್ಮಗ್ಳಿಗೆ ನಾನೇ ಅದನ್ನ ತಿನ್ನಿಸ್ತೀನಾ?"

ವಾರಿಜಾ ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡಳು. ಅವಳಿಗೆ ನಾಚಿಕೆಯಾಗಿತ್ತು, ನಾಚಿಕೆಯಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂದಿತ್ತು. ಸ್ಕೂಟರ್ ಹತ್ತುವಾಗ ಇಬ್ಬನಿ ಓಡಿ ಬಂದು ಒಂದು ಹುಣಸೆಬೀಜ ಅವಳ ಕೈಗಿಟ್ಟು ಓಡಿಹೋಯಿತು.

ಕೇಂದ್ರಕ್ಕೆ ಬಂದು ಮೇಷ್ಟ್ರ ಮುಂದೆ ಕೂತು ಜಗಳ ತೆಗೆದಳು. ಬ್ರಷ್ಷಿಗೆ ಹಾಕಿದ್ದೇ ಕಾಲು ಗ್ರಾಂ ಅಂದಳು. ಹಾಗಿದ್ದರೆ ಉಳಿದದ್ದನ್ನು ಮಗು ನೇರವಾಗಿ ಟ್ಯೂಬಿನಿಂದ ಸೇವಿಸಿರಬೇಕು, ಪೋಷಕರ ನಿಗಾ ಸಾಲದು ಅಂದರು ಮೇಷ್ಟ್ರು. ಟ್ಯೂಬಿಗೆ ಬೀಗ ಹಾಕಿದ್ದಾರೆ ಅಂದಳು. ಬೀಗದ ಗುಣಮಟ್ಟ ಪರಿಶೀಲಿಸಿ ಅಂದರು. ವಾರಿಜಾ ಮೇಜಿನ ಮೇಲಿದ್ದ ಪೆನ್ನನ್ನು ಪರದೆಗೆ ಎಸೆದಳು. ಯಂತ್ರ ಮಾಡಿದ ಕಂಪನಿಗೆ ಫೋನು ಮಾಡಿದರೆ ಅಲ್ಲಿನ ಹುಡುಗಿ, ನಮ್ಮ ಸೂತ್ರವನ್ನು ನಲವತ್ತು ದೇಶಗಳಲ್ಲಿ ಪರೀಕ್ಷೆ ಮಾಡಿದ್ದೇವೆ ಮೇಡಂ, ನಿಮ್ಮ ತಾಲ್ಲೂಕಿನಲ್ಲಿ ಮಾತ್ರ ಯಾಕೆ ತಪ್ಪುತ್ತದೆ ಎಂದು ಕೇಳಿದಳು. ಅದನ್ನೇ ನಾನು ಕೇಳುತ್ತಿರುವುದು ಎಂದು ವಾರಿಜಾ ಫೋನು ಕುಕ್ಕಿದಳು.

ನಿರ್ದೇಶಕ ಪಾರ್ಥಸಾರಥಿಯವರಿಗೆ ಹೇಳಿದರೆ ಅವರು ಕನ್ನಡಕ ಒರೆಸಿಕೊಂಡು, ಮೇಷ್ಟ್ರ ಜೊತೆ ವಾದಕ್ಕೆ ನಿಂತರೆ ನಾಳೆ ಪ್ರತಿ ಅಜ್ಜಿಯೂ ತಕ್ಕಡಿ ಹಿಡಿದು ಬರುತ್ತಾಳಮ್ಮ ಅಂದರು. ಎರಡು ವರ್ಷದಲ್ಲಿ ಈ ತಾಲ್ಲೂಕಿನಿಂದ ಎಷ್ಟೋ ಮಕ್ಕಳನ್ನು ಕಳಿಸಿದ್ದೇವೆ, ಈಗಲೂ ಹನ್ನೊಂದು ಮಕ್ಕಳು ನಿಲಯದಲ್ಲಿದ್ದಾರೆ, ಯಾರೂ ಸತ್ತಿಲ್ಲ ಅಂದರು. ಆ ಕೊನೆಯ ಮಾತು ವಾರಿಜಾಳ ಕಿವಿಯಲ್ಲಿ ಉಳಿದುಹೋಯಿತು.

ಮಂಗಳವಾರ ಬೆಳಿಗ್ಗೆ ಅವಳು ಮನೆಯಲ್ಲೇ ಪ್ರಯೋಗಕ್ಕೆ ಇಳಿದಳು. ಕೇಂದ್ರದ ಸಿಬ್ಬಂದಿಗೂ ಮಣಿ ಅಂಟಿಸಿದ್ದರು, ಜನರಿಗೆ ಧೈರ್ಯ ಬರಲಿ ಅಂತ. ಎದ್ದವಳೇ ಬಚ್ಚಲಿನಲ್ಲಿ ನಿಂತು, ಸರ್ಕಾರ ಹಂಚುವ ಅದೇ ಏಲಕ್ಕಿ ಪೇಸ್ಟನ್ನು ತಕ್ಕಡಿಯಲ್ಲಿ ಕಾಲು ಗ್ರಾಂ ತೂಗಿದಳು. ಐದು ವರ್ಷದ ಮಗುವಿಗಿಂತ ತನ್ನ ತೂಕ ಮೂರೂವರೆ ಪಾಲು ಹೆಚ್ಚು, ಮಣಿಗೆ ಸರಿಯಾಗಿ ಸಿಗಲಿ ಅಂತ ನಾಲ್ಕು ಪಾಲು ಮಾಡಿದಳು. ಒಟ್ಟು ಒಂದು ಗ್ರಾಂ. ಗುಟುಕ್ ಅಂತ ನುಂಗಿದಳು.

ಅವಳ ಗಂಡ ಮೃತ್ಯುಂಜಯನದು ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಬಂದವನು ಹೆಂಡತಿ ಬೆರಳು ಚೀಪುತ್ತ ನಿಂತಿರುವುದನ್ನು ನೋಡಿ ಅಲ್ಲೇ ನಿಂತ. ಏನು ಮಾಡ್ತಿದ್ದೀಯ ಅಂತ ಕೇಳಿದ. ಪೇಸ್ಟು ನುಂಗ್ತಿದ್ದೀನಿ ಅಂದಳು. ಊರಿನ ಮಕ್ಕಳಿಗೆಲ್ಲ ನುಂಗಬೇಡಿ ಅಂತ ಸಂಬಳ ತಗೊಂಡು ಹೇಳುವವಳು ನೀನೇ ತಾನೆ ಅಂದ. ಅವಳು ಬಾಗಿಲು ಹಾಕಿಕೊಂಡಳು.

ಒಂದು ಗಂಟೆಯ ನಂತರ ಕೇಂದ್ರಕ್ಕೆ ಹೋದರೆ ಪರದೆಯ ಮೇಲೆ ಅವಳದೇ ಹೆಸರು ಕೆಂಪಾಗಿ ಕೂತಿತ್ತು. ವಾರಿಜಾ, ನಲವತ್ತೇಳು ವರ್ಷ, ನುಂಗಿದ ಪೇಸ್ಟು 2.4 ಗ್ರಾಂ. ದಯವಿಟ್ಟು ಉಗಿಯುವುದನ್ನು ರೂಢಿಸಿಕೊಳ್ಳಿ ಅಂದರು ಮೇಷ್ಟ್ರು. ವಾರಿಜಾ ಈ ಸಲ ಸಿಟ್ಟಾಗಲಿಲ್ಲ. ಒಂದು ಗ್ರಾಂ ನುಂಗಿದರೆ ಎರಡೂವರೆ ಅನ್ನುತ್ತಿದೆ. ಕಾಲು ಗ್ರಾಂ ನುಂಗಿದ ಮಗುವಿಗೆ ಅರ್ಧದ ಮೇಲೆ ಅಂದಿದೆ. ತಪ್ಪುವುದಾದರೂ ಒಂದೇ ಅಳತೆಯಲ್ಲಿ ತಪ್ಪುತ್ತಿದೆ. ಎಲ್ಲಿ ಅನ್ನುವುದು ಮಾತ್ರ ಗೊತ್ತಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವಳ ಹೊಟ್ಟೆ ತೊಳೆಸತೊಡಗಿತು. ಮನೆಗೆ ಊಟಕ್ಕೆ ಬಂದವಳ ಮುಖ ನೋಡಿ ಮೃತ್ಯುಂಜಯ, ನಾಳೆಯೂ ಇದೇ ಸರ್ಕಸ್ಸು ಇದೆಯಾ ಅಂತ ವಿಚಾರಿಸಿದ. ಇದೆ, ಒಂದು ಸಲದ ಅಳತೆಯನ್ನು ಯಾರೂ ನಂಬುವುದಿಲ್ಲ ಅಂದಳು. ಹಾಗಾದರೆ ಖಾಲಿ ಹೊಟ್ಟೆಗೆ ಬೇಡ ಕಣೇ, ಮಾತ್ರೆಯಾದರೂ ತಿಂಡಿ ಆದಮೇಲೆ ತಗೊಳ್ಳಿ ಅಂತ ಡಾಕ್ಟರು ಹೇಳುತ್ತಾರೆ, ಮೊದಲು ಏನಾದರೂ ತಿನ್ನು ಅಂದ. ಅದೂ ಸರಿ ಅನ್ನಿಸಿತು ಅವಳಿಗೆ.

ಬುಧವಾರ ಬೆಳಿಗ್ಗೆ ಎದ್ದವಳು ಬಚ್ಚಲಿಗೆ ಹೋಗದೆ ನೇರವಾಗಿ ಅಡುಗೆಮನೆಗೆ ಬಂದಳು. ಎರಡು ರಾಗಿರೊಟ್ಟಿ, ಒಂದು ಬಟ್ಟಲು ಗಟ್ಟಿ ಮೊಸರು ಮುಂದಿಟ್ಟುಕೊಂಡು ಕೂತಳು. ಮೃತ್ಯುಂಜಯ ಬಾಗಿಲಿನಲ್ಲಿ ನಿಂತು ಮೂಗು ಮುರಿದ.

"ಥೂ, ಹಲ್ಲುಜ್ಜದೆ ತಿಂಡಿ ತಿಂತೀಯೇನೇ? ನಮ್ಮ ಕಡೆ ಯಾರಾದ್ರೂ ಹಂಗೆ ಮಾಡ್ತಾರಾ?"

ರೊಟ್ಟಿಯ ತುಂಡು ಹಿಡಿದಿದ್ದ ಕೈ ಬಾಯಿಯ ಹತ್ತಿರ ಹೋಗಿ ನಿಂತಿತು. ಈ ಮಾತನ್ನು ಎಲ್ಲೋ ಕೇಳಿದ್ದೇನೆ ಅನ್ನಿಸಿತು ವಾರಿಜಾಗೆ. ಕೇಳಿದ್ದಲ್ಲ, ತಾನೇ ಆಡಿದ್ದು. ಯಾವಾಗ, ಯಾರ ಹತ್ತಿರ ಅನ್ನುವುದು ನೆನಪಾಗಲಿಲ್ಲ. ಬಲವಂತದಿಂದ ತಿಂದು ಮುಗಿಸಿ, ಒಂದು ಗ್ರಾಂ ಪೇಸ್ಟು ತೂಗಿ ನುಂಗಿ, ಕೇಂದ್ರಕ್ಕೆ ಓಡಿದಳು.

ಪರದೆಯ ಮೇಲೆ ಬಂದ ಅಂಕಿ ಒಂದು ಗ್ರಾಂ. ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ. ನಿಖರವಾದ ಒಂದು ಗ್ರಾಂ.

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಮೇಷ್ಟ್ರನ್ನು ಇಲ್ಲಿಗೆ ತಂದು ಕೂರಿಸಿದ ದಿನ ಕಂಪನಿಯವನೊಬ್ಬ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇನ್ನೂರು ಚಿಲ್ಲರೆ ಪ್ರಶ್ನೆ ತುಂಬಿಸಿದ್ದ. ನೀರು ಯಾವುದು, ಊಟ ಏನು, ಮಕ್ಕಳ ಸರಾಸರಿ ತೂಕ ಎಷ್ಟು. ಹದಿನಾಲ್ಕನೆಯ ಪ್ರಶ್ನೆ, ಮಕ್ಕಳು ಹಲ್ಲುಜ್ಜುವುದು ಬೆಳಗಿನ ತಿಂಡಿಗೆ ಮೊದಲೋ, ನಂತರವೋ? ಅವಳಿಗೆ ನಗು ತಡೆಯಲಾಗಿರಲಿಲ್ಲ. ಹಲ್ಲುಜ್ಜದೆ ಯಾರಾದರೂ ತಿಂಡಿ ತಿನ್ನುತ್ತಾರೇನ್ರೀ, ನಮ್ಮ ಕಡೆ ಯಾರೂ ಹಂಗೆ ಮಾಡೋದಿಲ್ಲ, ಇದೂ ಒಂದು ಪ್ರಶ್ನೆಯೇ ಅಂದಿದ್ದಳು. ಟೀ ತಂದ ಜವಾನನಿಗೂ ಓದಿ ಹೇಳಿ ನಗಿಸಿದ್ದಳು. ನಗುತ್ತಲೇ ಉತ್ತರ ಹಾಕದೆ ಮುಂದಿನ ಪ್ರಶ್ನೆಗೆ ಹೋಗಿದ್ದಳು. ಖಾಲಿ ಬಿಟ್ಟರೆ ಯಂತ್ರ ತನಗೆ ಮೊದಲೇ ಹೇಳಿಕೊಟ್ಟದ್ದನ್ನು ಹಾಕಿಕೊಳ್ಳುತ್ತದೆ. ಅದನ್ನು ಮಾಡಿದ ಊರಿನಲ್ಲಿ ಜನ ತಿಂಡಿ ತಿಂದು ಆಮೇಲೆ ಹಲ್ಲುಜ್ಜುತ್ತಿದ್ದರು.

ವಾರಿಜಾ ಆ ಪ್ರಶ್ನೆಗಳ ಪುಟ ತೆಗೆದು ನೋಡಿದಳು. ಹದಿನಾಲ್ಕು: ನಂತರ.

ಉಳಿದದ್ದು ಅವಳಿಗೆ ಪಾಠದಂತೆ ಬಾಯಿಗೆ ಬರುವ ವಿಷಯ. ಖಾಲಿ ಹೊಟ್ಟೆಯಲ್ಲಿ ಆಮ್ಲ ಕಾದು ಕೂತಿರುತ್ತದೆ. ಪೇಸ್ಟಿನ ಫ್ಲೋರೈಡು ಒಳಗೆ ಬಿದ್ದೊಡನೆ ಆಮ್ಲದ ಹೈಡ್ರೋಜನ್ ಅದರ ಕೈ ಹಿಡಿಯುತ್ತದೆ. ಆ ಜೋಡಿ ಹೊಟ್ಟೆಯ ಗೋಡೆಯೊಳಗಿಂದ ಸಲೀಸಾಗಿ ನುಸುಳಿ, ನುಂಗಿದ್ದರಲ್ಲಿ ಬಹುಪಾಲು ರಕ್ತಕ್ಕೆ ಸೇರುತ್ತದೆ. ಹೊಟ್ಟೆಯಲ್ಲಿ ಹಾಲು, ಮೊಸರು, ರಾಗಿ ಇದ್ದರೆ ಅದರ ಸುಣ್ಣದ ಅಂಶ ಫ್ಲೋರೈಡನ್ನು ಹಿಡಿದು ಗಟ್ಟಿಮಾಡಿ ಕೆಳಗಿನ ದಾರಿಯಲ್ಲೇ ಸಾಗಹಾಕುತ್ತದೆ, ರಕ್ತಕ್ಕೆ ಹೋಗುವುದು ಅರ್ಧಕ್ಕಿಂತ ಕಡಿಮೆ. ಮಣಿ ಅಳೆದದ್ದು ಸರಿಯಾಗಿತ್ತು. ಆದರೆ ಮೇಷ್ಟ್ರು ಪ್ರತಿ ಮಗುವಿನ ಹೊಟ್ಟೆಯಲ್ಲೂ ತಿಂಡಿ ಇದೆ ಅಂತ ನಂಬಿ, ರಕ್ತದಲ್ಲಿ ಇಷ್ಟು ಸಿಗಬೇಕಾದರೆ ಎರಡೂವರೆ ಪಾಲು ನುಂಗಿರಲೇಬೇಕು ಅಂತ ತೀರ್ಪು ಕೊಡುತ್ತ ಬಂದಿದ್ದರು. ಕಡಲೆಕಾಳಿನಷ್ಟನ್ನು ನುಂಗಿದ ಮಕ್ಕಳೆಲ್ಲ ಕಳ್ಳರಾಗಿದ್ದರು. ಅವರ ಅಜ್ಜಿಯರು, ತಾಯಂದಿರು ಪಾಪಿಗಳಾಗಿದ್ದರು. ಕಳ್ಳರು ಅಂತ ನೋಟೀಸಿಗೆ ಸಹಿ ಹಾಕಿದವಳು ವಾರಿಜಾ.

ಪಾರ್ಥಸಾರಥಿಯವರು ಎಲ್ಲ ಕೇಳಿ ಮತ್ತೆ ಕನ್ನಡಕ ಒರೆಸಿಕೊಂಡರು. ಆಮೇಲೆ, ಇವತ್ತೇ ಹದಿನಾಲ್ಕನ್ನು ತಿದ್ದಿಬಿಡು, ನಾಳೆಯಿಂದ ಸರಿಹೋಗುತ್ತದೆ ಅಂದರು. ಹನ್ನೊಂದು ಮಕ್ಕಳ ಗತಿ ಏನು ಅಂದಳು. ಬಿಡುಗಡೆ ಅರ್ಜಿಯಲ್ಲಿ ಕಾರಣದ ಕಡೆ ಯಂತ್ರದ ದೋಷ ಅಂತ ಬರಿ ಅಂದರು. ಹಾಗೆ ಬರೆದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಯಂತ್ರದ ದೋಷವಾದರೆ ಕಂಪನಿ ತೊಂಬತ್ತು ದಿನ ವಿಚಾರಣೆ ಮಾಡುತ್ತದೆ, ಅಲ್ಲಿಯವರೆಗೆ ಒಂದು ಮಗುವೂ ನಿಲಯ ಬಿಟ್ಟು ಬರುವ ಹಾಗಿಲ್ಲ, ಹೊರಟ ಜೀಪೂ ನಿಲ್ಲುವುದಿಲ್ಲ. ಅದೇ ಅರ್ಜಿಯಲ್ಲಿ ಇನ್ನೊಂದು ಸಾಲಿತ್ತು, ಸಿಬ್ಬಂದಿಯ ತಪ್ಪು. ಅಲ್ಲಿ ತಪ್ಪಿತಸ್ಥರ ಹೆಸರು ಬರೆದು ಸಹಿ ಹಾಕಿದರೆ ಮಕ್ಕಳು ಅವತ್ತೇ ಮನೆಗೆ. ವಿಚಾರಣೆ ನಡೆಯುವುದು ಆ ಹೆಸರಿನವರ ಮೇಲೆ.

"ಇಪ್ಪತ್ತೆರಡು ವರ್ಷದ ಸರ್ವೀಸು ವಾರಿಜಾ," ಅಂದರು ಪಾರ್ಥಸಾರಥಿ. "ಒಂದು ಪ್ರಶ್ನೆಗೋಸ್ಕರ ಹಾಳು ಮಾಡ್ಕೋಬೇಡ. ತೊಂಬತ್ತು ದಿನ ತಾನೆ, ಮಕ್ಕಳು ಅಲ್ಲಿ ಚೆನ್ನಾಗೇ ಇದ್ದಾರೆ."

ಅವಳು ಹದಿನಾಲ್ಕನ್ನು ತಿದ್ದಿದಳು. ಖಾಲಿ ಅರ್ಜಿಗಳನ್ನು ಚೀಲಕ್ಕೆ ತುರುಕಿಕೊಂಡು ಮನೆಗೆ ಬಂದಳು, ಬರೆಯಲಿಲ್ಲ. ಅವಳಿಗೆ ಹೆದರಿಕೆಯಾಗಿತ್ತು ಅನ್ನುವುದೇ ನಿಜ. ಮೃತ್ಯುಂಜಯನಿಗೆ ಹೇಳಿದಾಗ ಅವನು, ನಾನಾಗಿದ್ದರೂ ಆ ಪ್ರಶ್ನೆಗೆ ನಗುತ್ತಿದ್ದೆ ಅಂದ. ಆ ಸಮಾಧಾನ ಅವಳಿಗೆ ಎಳ್ಳಷ್ಟೂ ಹತ್ತಲಿಲ್ಲ.

ಗುರುವಾರ ಒಂಬತ್ತಕ್ಕೆ ಕೇಂದ್ರಕ್ಕೆ ಬಂದರೆ ಜೀಪು ಆಗಲೇ ಹೊರಟುಹೋಗಿತ್ತು. ಚಾಲಕ ಖಲಂದರ್ ಸಾಬಿಗೆ ಬಿಸಿಲೇರುವ ಮುಂಚೆ ಕೆಲಸ ಮುಗಿಸುವ ಅಭ್ಯಾಸ. ಫೋನು ಮಾಡಿದರೆ, ಆದೇಶದ ಕಾಗದ ನನ್ನ ಕೈಯಲ್ಲಿದೆ ಅಮ್ಮಾ, ಬೇರೆ ಕಾಗದ ಬಾರದೆ ನಾನು ಹೇಗೆ ವಾಪಸು ಬರಲಿ ಅಂದ. ವಾರಿಜಾ ಯಂತ್ರವನ್ನೂ, ಕಂಪನಿಯನ್ನೂ, ಕಾನೂನನ್ನೂ, ಎಲ್ಲಕ್ಕಿಂತ ಹೆಚ್ಚಾಗಿ ತನ್ನನ್ನೂ ಬಯ್ಯುತ್ತ ಸ್ಕೂಟರ್ ಓಡಿಸಿದಳು.

ದೊಡ್ಡಗುಂಡ್ಲುವಿನ ಮನೆಯ ಮುಂದೆ ಜೀಪು ನಿಂತಿತ್ತು. ಇಬ್ಬನಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿ, ಹಬ್ಬದ ಫ್ರಾಕು ತೊಡಿಸಿದ್ದರು. ಕೈಯಲ್ಲಿ ಅದರ ಪುಟ್ಟ ಬ್ರಷ್ಷು. ಜಾತ್ರೆಗೋ ಮದುವೆಗೋ ಹೊರಟಿರುವೆ ಅಂತ ಮಗು ತಿಳಿದಂತಿತ್ತು. ಗಂಗಹನುಮಕ್ಕ ಹುರಿಹಿಟ್ಟಿನ ದೊಡ್ಡ ಡಬ್ಬಿಯೊಂದನ್ನು ಖಲಂದರ್ ಸಾಬಿಯ ಕೈಗೆ ಕೊಡುತ್ತ, ಮೊಮ್ಮಗಳು ಕತ್ತಲೆಯಲ್ಲಿ ಒಬ್ಬಳೇ ಮಲಗುವುದಿಲ್ಲ, ದಾದಿಗೆ ಹೇಳು, ಬೆಲ್ಲ ಹಾಕದಿದ್ದರೆ ಹಿಟ್ಟು ಮುಟ್ಟುವುದಿಲ್ಲ, ಅದನ್ನೂ ಹೇಳು ಎಂದು ಒಂದೊಂದಾಗಿ ಒಪ್ಪಿಸುತ್ತಿದ್ದಳು. ಅಳುತ್ತಿರಲಿಲ್ಲ. ವಾರಿಜಾಳನ್ನು ನೋಡಿ ಮೊಮ್ಮಗಳ ಕೈ ಹಿಡಿದುಕೊಂಡಳು.

ವಾರಿಜಾ ಜಗಲಿಯ ಕೆಳಗೆ ನಿಂತೇ ಎಲ್ಲ ಹೇಳಿದಳು. ಮಗು ಕದ್ದು ತಿಂದಿಲ್ಲ, ನೀವು ಹೇಳಿದ್ದೆಲ್ಲ ನಿಜ, ಯಂತ್ರ ಕೇಳಿದ ಒಂದು ಪ್ರಶ್ನೆಗೆ ನಾನು ನಕ್ಕು ಉತ್ತರ ಹಾಕದೆ ಬಿಟ್ಟೆ, ತಪ್ಪು ನನ್ನದು. ಆ ಪ್ರಶ್ನೆ ಯಾವುದು ಎಂದು ಗಂಗಹನುಮಕ್ಕ ಕೇಳಿದಳು. ವಾರಿಜಾ ಹೇಳಿದಳು.

"ನಂಗೂ ನಗು ಬರ್ತಿತ್ತು ಬುಡು," ಅಂದಳು ಮುದುಕಿ. "ಆದ್ರೆ ಕೇಳಿದ್ದು ನಿನ್ನನ್ನ."

ವಾರಿಜಾ ತಲೆ ತಗ್ಗಿಸಿದಳು. ಇನ್ನು ಮೇಲೆ ಮಗುವಿಗೆ ಮೊದಲು ಹಾಲೋ ಅಂಬಲಿಯೋ ಕೊಟ್ಟು, ಆಮೇಲೆ ಪೇಸ್ಟು ಹಾಕಿ, ನುಂಗಿದರೂ ಮೈಗೆ ಹತ್ತುವುದು ಕಡಿಮೆ ಅಂದಳು. ಹಲ್ಲುಜ್ಜದ ಬಾಯಿಗೆ ಅಂಬಲಿ ಹಾಕುವುದಾ, ನನ್ನ ಮನೆಯಲ್ಲಿ ಅದೆಲ್ಲ ನಡೆಯುವುದಿಲ್ಲ ಅಂತ ಗಂಗಹನುಮಕ್ಕ ಖಡಾಖಂಡಿತ ಹೇಳಿದಳು. ವಾರಿಜಾಗೆ ಮತ್ತೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಆದರೆ ಮುದುಕಿ ತಾನೇ ಸ್ವಲ್ಪ ಯೋಚಿಸಿ, ಎದ್ದಕೂಡಲೇ ಉಪ್ಪಿನಲ್ಲಿ ಬೆರಳು ಅದ್ದಿ ಉಜ್ಜಿ ಬಾಯಿ ಮುಕ್ಕಳಿಸಿದರೆ ಮಡಿಯಾಯಿತಲ್ಲ, ಅಂಬಲಿ ಕುಡಿದಮೇಲೆ ನಿನ್ನ ಪೇಸ್ಟಿನ ಶಾಸ್ತ್ರ ಆಗಲಿ ಅಂದಳು. ಎರಡು ವರ್ಷದಿಂದ ಇಷ್ಟು ಜನ ಓದಿದವರಿಗೆ ಹೊಳೆಯದ ದಾರಿ ಅದು.

ಖಲಂದರ್ ಸಾಬಿ ಜೀಪಿನ ಬಾಗಿಲು ಹಿಡಿದು ನಿಂತೇ ಇದ್ದ. ಕಾಗದ ಎಲ್ಲಿ ಅಂದ. ವಾರಿಜಾ ಚೀಲ ಬಿಚ್ಚಿ ಇಬ್ಬನಿಗೆ ಅಂತ ಒಂದು ಖಾಲಿ ಅರ್ಜಿ ತೆಗೆದಳು. ಹುಣಸೆ ಕುಟ್ಟುವ ಮಣೆಯ ಮೇಲೆ ಇಟ್ಟು ಬರೆಯತೊಡಗಿದಳು. ಕಾರಣದ ಹತ್ತಿರ ಬಂದು ಪೆನ್ನು ಒಂದು ಕ್ಷಣ ನಿಂತಿತು. ಸಿಬ್ಬಂದಿಯ ತಪ್ಪು ಅಂತ ಬರೆದು, ಪಕ್ಕದಲ್ಲಿ ತನ್ನ ಹೆಸರು ಬರೆದಳು. ಖಲಂದರ್ ಸಾಬಿ ಓದಿ, ಅವಳ ಮುಖ ನೋಡಿ, ಆ ಕಾಗದವನ್ನು ಜೇಬಿಗೆ ಹಾಕಿಕೊಂಡ. ಗಂಗಹನುಮಕ್ಕ ಮೊಮ್ಮಗಳನ್ನು ಸೆರಗಿನೊಳಗೆ ಎಳೆದುಕೊಂಡಳು, ಅಷ್ಟು ಹೊತ್ತು ತಡೆದಿದ್ದು ಆಗ ಬಂತು. ಕಣ್ಣು ಒರೆಸಿಕೊಂಡು, ಚೀಲದಿಂದ ಹೊರಗೆ ಇಣುಕುತ್ತಿದ್ದ ಉಳಿದ ಅರ್ಜಿಗಳತ್ತ ಕೈ ತೋರಿಸಿದಳು.

"ಅವು ಯಾವು?"

ಇನ್ನೂ ಹನ್ನೊಂದು ಮಕ್ಕಳಿವೆ, ನಿಲಯದಲ್ಲಿ, ಇದೇ ತ‍ಪ್ಪಿಗೆ ಅಂದಳು ವಾರಿಜಾ.

"ಮತ್ತೆ ಜೀಪು ಖಾಲಿ ಯಾಕೆ ಹೋಗ್ಬೇಕು? ಕೂತ್ಕೊಂಡು ಬರಿ."

ವಾರಿಜಾ ಮಣೆಯ ಮುಂದೆ ಕೂತು ಬರೆದಳು. ಹನ್ನೊಂದು ಅರ್ಜಿ, ಹನ್ನೊಂದು ಮಕ್ಕಳ ಹೆಸರು, ಹನ್ನೊಂದು ಸಲ ತನ್ನ ಹೆಸರು. ಓದು ಬಾರದ ಗಂಗಹನುಮಕ್ಕ ಪ್ರತಿ ಕಾಗದವನ್ನೂ ಕೈಗೆ ತೆಗೆದುಕೊಂಡು, ಇದರಲ್ಲಿ ನಿನ್ನ ಹೆಸರು ಎಲ್ಲಿದೆ ಅಂತ ಕೇಳಿ, ತೋರಿಸಿದ ಜಾಗದ ಮೇಲೆ ಹೆಬ್ಬೆರಳಿಟ್ಟು ನೋಡಿ, ಆಮೇಲೆ ಖಲಂದರ್ ಸಾಬಿಗೆ ಕೊಟ್ಟಳು. ಒಂದನ್ನೂ ಬಿಡಲಿಲ್ಲ.

ಅವಳು ಜೀಪಿನ ಮುಂದಿನ ಸೀಟಿನಲ್ಲಿ ಕೂತಾಗ ಗಂಗಹನುಮಕ್ಕ ಕೋಲೂರಿಕೊಂಡು ಬಂದು ಹುರಿಹಿಟ್ಟಿನ ಡಬ್ಬಿಯನ್ನು ಅವಳ ಮಡಿಲಿಗಿಟ್ಟಳು.

"ಬರ್ತಾ ದಾರೀಲಿ ಹಸೀತಾವೆ, ಮಕ್ಳು. ಕಲ್ಸಿ ಕೊಡು," ಅಂದಳು. ಎರಡು ಹೆಜ್ಜೆ ಹೋಗಿ ತಿರುಗಿ ನಿಂತಳು. "ಮೊದ್ಲು ಬಾಯಿ ಮುಕ್ಕಳ್ಸಾಕೆ ಹೇಳು."